ಡಾಂಬರು, ಜಲ್ಲಿ, ಕೆರೆ ಏರಿ: ಎಲ್ಲಾದಕ್ಕೂ ಒಂದೇ ಸೈಕಲ್ ಅಂದ್ರೆ ಟೈರ್ ಯಾವುದು ಹಾಕ್ಬೇಕು?

ಬೆಂಗಳೂರಿಂದ ಯಾವ ದಿಕ್ಕಿಗೆ ಸೈಕಲ್ ತಿರುಗಿಸಿದ್ರೂ ಪೂರ್ತಿ ಡಾಂಬರ್ ಇರೋ ರೂಟು ಸಿಗೋದು ಕಷ್ಟ. ಹೆಸರಘಟ್ಟದ ಕಡೆ ಹೋದ್ರೆ ಹುಲ್ಲುಗಾವಲಿನ ಪಕ್ಕ ಮಣ್ಣುದಾರಿ, ದೊಡ್ಡಬಳ್ಳಾಪುರ ದಾಟಿ ಘಾಟಿ, ಮಾಕಳಿದುರ್ಗದ ಕಡೆ ಹೋದ್ರೆ ಚೆನ್ನಾಗಿದ್ದ ರೋಡು ಇದ್ದಕ್ಕಿದ್ದಂಗೆ ಜಲ್ಲಿ ಆಗೋಗತ್ತೆ, ಊರೊಳಗೆ ಸಿಮೆಂಟು, ಮಧ್ಯದಲ್ಲಿ ಪೈಪ್‌ಲೈನಿಗೆ ಅಗೆದು ಮಣ್ಣು ಮುಚ್ಚಿರೋ ಪಟ್ಟಿ, ಊರು ದಾಟಿದ ತಕ್ಷಣ ಕೆರೆ ಏರಿ. ಕಟಾವಿನ ಟೈಮಲ್ಲಿ ಹೋದ್ರಂತೂ ಡಾಂಬರ್ ಮೇಲೇ ರಾಗಿ, ಹುರುಳಿ ಹರಡಿರ್ತಾರೆ. ಗ್ರಾವೆಲ್ ಸೈಕ್ಲಿಂಗ್ ಅಂತ ಅಮೆರಿಕದಲ್ಲಿ ಹೆಸರಿಟ್ಟು ಮಾರ್ತಿರೋದು ನಮಗೆ ಮಾಮೂಲಿ ಭಾನುವಾರ ಅಷ್ಟೇ.

ಅದಕ್ಕೇ ಗ್ರಾವೆಲ್ ಬೈಕೇ ತಗೋಬೇಕು ಅಂತೇನಿಲ್ಲ. ಕೈಲಿರೋ ಹೈಬ್ರಿಡ್ಡೋ, ಹಳೇ ಎಂಟಿಬಿನೋ (ಮೌಂಟನ್ ಬೈಕು), ಡಿಸ್ಕ್ ಬ್ರೇಕ್ ಇರೋ ರೋಡ್ ಬೈಕೋ, ಅದಕ್ಕೆ ಸರಿಯಾದ ಟೈರ್ ಹಾಕಿ ಸರಿಯಾದ ಗಾಳಿ ಹೊಡೆದ್ರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗೀತು. ಆದ್ರೆ ಟೈರ್ ಆರಿಸೋವಾಗ ಹೆಚ್ಚಿನವ್ರು ಉಲ್ಟಾ ಕಡೆಯಿಂದ ಶುರು ಮಾಡ್ತಾರೆ, ಅಂದ್ರೆ ಮೊದ್ಲು ಟೈರ್ ಮೇಲೆ ಎದ್ದಿರೋ ರಬ್ಬರ್ ಗುಬುಟುಗಳು, ಅಂದ್ರೆ ಬಟನ್ ಡಿಸೈನ್ ನೋಡ್ತಾರೆ, ಆಮೇಲೆ ಬ್ರಾಂಡು, ಆಮೇಲೆ ರೇಟು, ಕೊನೇಗೆ ಸೈಜು. ನನ್ನ ಪ್ರಕಾರ ಮೊದ್ಲು ಅಗಲ, ಆಮೇಲೆ ಟೈರಿನ ಬಟ್ಟೆ ಅಂದ್ರೆ ಕೇಸಿಂಗು, ಬಟನ್ನು ಎಲ್ಲಾ ಆದ್ಮೇಲೆ. ಗಾಳಿ ಮಾತ್ರ ಇವೆಲ್ಲಕ್ಕಿಂತ ಮುಖ್ಯ, ಅದು ಬಿಟ್ಟಿಯಾಗಿ ಸಿಗೋದ್ರಿಂದ ಅದಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ.

ಮೊದ್ಲು ನಿಮ್ಮ ರೋಡು

ಒಂದು ತಿಂಗಳು ನೀವು ನಿಜವಾಗ್ಲೂ ಓಡಿಸಿದ ರೂಟುಗಳನ್ನ ನೆನಪು ಮಾಡ್ಕೊಳ್ಳಿ. ಮುಂದೆ ಯಾವತ್ತೋ ಸ್ಪಿತಿಗೆ ಹೋಗ್ಬೇಕು ಅಂತಿರೋ ರೂಟು ಲೆಕ್ಕಕ್ಕಿಲ್ಲ, ಪ್ರತಿ ವಾರ ಹೋಗೋದು ಮಾತ್ರ. ಅದರಲ್ಲಿ ಡಾಂಬರ್ ಎಷ್ಟು, ಕಿತ್ತೋದ ಡಾಂಬರ್ ಎಷ್ಟು, ಗಟ್ಟಿ ಮಣ್ಣೆಷ್ಟು, ಬಿಡಿ ಜಲ್ಲಿ ಎಷ್ಟು?

ಜಲ್ಲಿ ಅಂದ್ರೆ ಎಲ್ಲಾ ಒಂದೇ ಅಲ್ಲ, ಇಲ್ಲಿ ಸ್ವಲ್ಪ ನಿಂತು ನೋಡೋದು ಒಳ್ಳೇದು. ಮನೆ ಕಟ್ಟಿಸಿದವ್ರಿಗೆ ಗೊತ್ತಿರತ್ತೆ, ಕಾಂಕ್ರೀಟಿಗೆ ಹಾಕೋದು 20 ಎಂಎಂ ಜಲ್ಲಿ, ರೋಡಿಗೆ ಅಡಿಪಾಯ ಹಾಕೋದು 40 ಎಂಎಂ, ಕೆಲವು ಕಡೆ ಅದಕ್ಕಿಂತ ದಪ್ಪ. ಕ್ರಷರಿಂದ ಆಗಷ್ಟೇ ಬಂದಿರೋ ಕಲ್ಲಿನ ಅಂಚು ಚೂಪಾಗಿರತ್ತೆ, ಮೂಲೆಗಳು ಎದ್ದಿರತ್ತೆ. ನಮ್ಮ ಕಡೆ ಏನಾಗತ್ತೆ ಅಂದ್ರೆ ಮೆಟ್ಲಿಂಗ್ ಮಾಡಿ, ಅಂದ್ರೆ ಜಲ್ಲಿ ಹಾಸಿ ರೋಲರ್ ಓಡಿಸಿ ಅದರ ಮೇಲೆ ಡಾಂಬರ್ ಬೀಳೋಕೆ ಮುಂಚೆ ಬಿಲ್ಲು ಪಾಸಾಗ್ಲಿಲ್ಲ ಅಂತಲೋ ಎಲೆಕ್ಷನ್ ಬಂತು ಅಂತಲೋ ಕೆಲಸ ನಿಂತೋಗಿರತ್ತೆ, ಆ 40 ಎಂಎಂ ಜಲ್ಲಿ ಎರಡು ವರ್ಷ ಹಂಗೇ ಬಿದ್ದಿರತ್ತೆ. ಅದರ ಮೇಲೆ 28 ಎಂಎಂ ಟೈರಲ್ಲಿ ಹೋದ್ರೆ ಕಲ್ಲು ಟೈರಿಗಿಂತ ದಪ್ಪ, ಟೈರು ಕಲ್ಲಿನ ಮೇಲೆ ಕೂರೋದೇ ಇಲ್ಲ, ಎರಡು ಕಲ್ಲಿನ ನಡುವಿನ ಸಂದಿಗೆ ಜಾರತ್ತೆ. ನಾನು ಇಟ್ಕೊಂಡಿರೋ ದಪ್ಪ ಲೆಕ್ಕ ಇಷ್ಟೇ: ನಿಮ್ಮ ರೂಟಲ್ಲಿ ದಿನಾ ಸಿಗೋ ಜಲ್ಲಿಗಿಂತ ಟೈರ್ ಸಣ್ಣದಿರಬಾರ್ದು. 20 ಎಂಎಂ ಜಲ್ಲಿ ಚೆದುರಿರೋ ಕಡೆ 32-35 ಸಾಕು. 40 ಎಂಎಂ ಮೆಟ್ಲಿಂಗ್ ಕಿಲೋಮೀಟರ್‌ಗಟ್ಟಲೆ ಇದ್ರೆ 42-45ರಿಂದ ಮೇಲೆ. ಇದು ಯಾವ ಸೈನ್ಸ್ ಪುಸ್ತಕದಲ್ಲೂ ಇಲ್ಲ, ಆದ್ರೆ ಕೆಲಸ ಮಾಡತ್ತೆ.

ಇನ್ನು ಮಣ್ಣು. ಬೆಂಗಳೂರು, ಕೋಲಾರ, ತುಮಕೂರು ಕಡೆ ಕೆಂಪು ಮಣ್ಣು, ಒಣಗಿದ್ರೆ ಸಿಮೆಂಟ್ ಥರ ಗಟ್ಟಿ, ಮೇಲೆ ಸ್ವಲ್ಪ ಧೂಳು, ಮಳೆ ಬಂದು ಒಂದೆರಡು ದಿನ ಬಿಸಿಲು ಬಿದ್ರೆ ಮತ್ತೆ ಓಡಿಸ್ಬೋದು. ಮಂಡ್ಯ ಕಡೆ ವಿಶ್ವೇಶ್ವರಯ್ಯ ನಾಲೆ ದಂಡೆ ಮೇಲಿನ ದಾರಿಗಳು ಟ್ರ್ಯಾಕ್ಟರ್ ಓಡಾಡಿ ಅದುಮಿರೋ ಮಣ್ಣು, 38-40ರಲ್ಲಿ ಆರಾಮು. ಮಲೆನಾಡಲ್ಲಿ, ಚಿಕ್ಕಮಗಳೂರು ಕಡೆ ಕಾಫಿ ತೋಟದ ನಡುವೆ ಏರೋ ದಾರಿಗಳಲ್ಲಿ ಕಡಿದಾದ ಏರು, ಮಳೆನೀರು ಕೊರೆದ ಕಾಲುವೆ, ಬಿಡಿ ಕಲ್ಲು, ಎಲ್ಲಾ ಒಟ್ಟಿಗೆ ಸಿಗತ್ತೆ, ಅಲ್ಲಿ 45ಕ್ಕಿಂತ ಕಮ್ಮಿ ಹಾಕ್ಕೊಂಡು ಹೋಗೋದು ಸುಮ್ನೆ ಕೈನೋವು (ಅಂದ ಹಾಗೆ ಎಸ್ಟೇಟ್ ದಾರಿ ಅಂದ್ರೆ ಯಾರದೋ ಜಾಗ, ಗೇಟ್ ಹತ್ರ ಒಂದು ಮಾತು ಕೇಳಿ ಹೋಗಿ). ಕರಾವಳಿಯಲ್ಲಿ ಮುರಕಲ್ಲು, ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಅದಕ್ಕೆ ಯಾವ ಬಟನ್ನೂ ಕಚ್ಚಲ್ಲ, ಗಾಳಿ ಇಳಿಸಿ ನೆಟ್ಟಗೆ ಹೋಗ್ಬೇಕು, ಬ್ರೇಕ್ ಹಿಡೀಬಾರ್ದು, ಅಷ್ಟೇ.

ಗದಗ, ಧಾರವಾಡ, ರಾಯಚೂರು ಕಡೆಯ ಎರೆ ಮಣ್ಣಿನ ಕಥೆ ಬೇರೇನೇ. ಬೇಸಿಗೆಯಲ್ಲಿ ಚೆಂದ, ಬಿರುಕು ಬಿಟ್ಟಿರೋ ಕಡೆ ಮಾತ್ರ ಹುಷಾರು. ಒಂದು ಮಳೆ ಬಿತ್ತು ಅಂದ್ರೆ ಮಣ್ಣು ಟೈರಿಗೆ ಸುತ್ಕೊಳ್ಳತ್ತೆ, ಅದರ ಮೇಲೆ ಇನ್ನೊಂದು ಪದರ, ಹತ್ತಿಪ್ಪತ್ತು ಸುತ್ತಿಗೆ ಫೋರ್ಕಿನ ಸಂದಿ ಪೂರ್ತಿ ತುಂಬಿ ಚಕ್ರ ತಿರುಗೋದೇ ನಿಂತೋಗತ್ತೆ, ಎತ್ಕೊಂಡು ಹೋಗೋಣ ಅಂದ್ರೆ ಸೈಕಲ್ ಭಾರ ಏಕ್‌ದಂ ಏರಿರತ್ತೆ. ಅದಕ್ಕೆ ಟೈರ್ ಹುಡುಕ್ಬೇಡಿ. ಮಳೆ ಬಿದ್ದ ದಿನ ಎರೆ ಹೊಲದ ದಾರಿ ಬಿಡಿ, ಸಿಕ್ಕಾಕ್ಕೊಂಡ್ರೆ ಇಳಿದು ಪಕ್ಕದ ಹುಲ್ಲಿನ ಮೇಲೆ ತಳ್ಳಿ, ಮಣ್ಣು ಕೆರೆಯೋಕೆ ಒಂದು ಕಡ್ಡಿ ಹುಡುಕಿಟ್ಕೊಳ್ಳಿ.

ಫ್ರೇಮ್ ಎಷ್ಟು ಬಿಡತ್ತೆ

ನಿಮಗೆ 45 ಬೇಕು ಅನ್ನಿಸ್ಬೋದು, ಸೈಕಲ್‌ಗೂ ಅನ್ನಿಸ್ಬೇಕಲ್ವಾ. ಅಂಗಡಿಗೆ ಹೋಗೋಕೆ ಮುಂಚೆ ಮನೇಲೇ ಅಳೆದ್ಬಿಡಿ. ಈಗಿರೋ ಟೈರಿಗೆ ಫುಲ್ ಗಾಳಿ ಹೊಡೀರಿ, ಟೂಲ್ ಕಿಟ್ಟಲ್ಲಿರೋ ಅಲೆನ್ ಕೀಗಳನ್ನ ತಗೊಂಡು ಟೈರಿಗೂ ಫ್ರೇಮಿಗೂ ನಡುವೆ ಒಂದೊಂದಾಗಿ ತೂರಿಸಿ. ನೋಡ್ಬೇಕಾದ ಜಾಗ ನಾಲ್ಕು. ಪೆಡಲ್ ಹತ್ರ ಚೈನ್‌ಸ್ಟೇ (ಪೆಡಲಿಂದ ಹಿಂದಿನ ಚಕ್ರದ ನಡುವಿಗೆ ಹೋಗೋ ಪೈಪು) ಎರಡೂ ಕಡೆ, ಸೀಟ್ ಟ್ಯೂಬ್ (ಸೀಟ್ ಕೆಳಗಿನ ಪೈಪು) ಹಿಂದೆ, ಹಿಂದಿನ ಚಕ್ರದ ಮೇಲೆ ಎರಡು ಪೈಪ್ ಸೇರಿಸೋ ಬ್ರಿಡ್ಜ್ ಕೆಳಗೆ, ಮುಂದೆ ಫೋರ್ಕಿನ ತಲೆ ಒಳಗೆ. ಹೆಚ್ಚಿನ ಸೈಕಲ್ಲಲ್ಲಿ ಕಡಮೆ ಜಾಗ ಇರೋದು ಚೈನ್‌ಸ್ಟೇ ಹತ್ರಾನೇ. ಮುಂದಿನ ಗೇರ್ ಬದಲಾಯಿಸೋ ಫ್ರಂಟ್ ಡಿರೇಲರ್ ಇದ್ರೆ ಅದರ ಕ್ಲ್ಯಾಂಪನ್ನೂ ನೋಡಿ. ಹೊಸ ಟೈರ್ ಕೂತ ಮೇಲೆ ಪ್ರತಿ ಕಡೆ 4 ಎಂಎಂ ಆದ್ರೂ ಉಳೀಬೇಕು, ಕೆಸರಲ್ಲಿ ಓಡಿಸ್ತೀರ ಅಂದ್ರೆ 6. ಹಾಗಾಗಿ ಈಗ 32 ಟೈರ್ ಇದ್ದು ಎರಡೂ ಪಕ್ಕ 8 ಎಂಎಂ ಕೀ ಆರಾಮಾಗಿ ಹೋಗ್ತಿದ್ರೆ 38-40 ತನಕ ಹೋಗ್ಬೋದು. ಅಲೆನ್ ಕೀ ತೂರಿಸಿದಾಗ ಸಿಕ್ಕಾಕ್ಕೊಂಡ್ರೆ ಚಕ್ರ ತಿರುಗಿಸಿ ಇನ್ನೊಂದು ಜಾಗದಲ್ಲೂ ನೋಡಿ, ರಿಮ್ಮು ಸ್ವಲ್ಪ ಓಲಾಡ್ತಿರ್ಬೋದು.

ಕ್ಯಾಲಿಪರ್ ಬ್ರೇಕ್ (ರಿಮ್ಮನ್ನ ಎರಡೂ ಕಡೆಯಿಂದ ಹಿಡಿಯೋದು) ಇರೋ ರೋಡ್ ಬೈಕಾದ್ರೆ ಬ್ರೇಕೇ ಅಡ್ಡ ಬರತ್ತೆ, ಸಾಮಾನ್ಯವಾಗಿ 25, ಹೆಚ್ಚಂದ್ರೆ 28. ಅದರಲ್ಲಿ ಜಲ್ಲಿ ಕನಸು ಬಿಟ್ಟು, ಒಳ್ಳೇ 28 ಹಾಕಿ ಗಾಳಿ ಸ್ವಲ್ಪ ಕಮ್ಮಿ ಮಾಡ್ಕೊಂಡು ಕೆರೆ ಏರಿ ತನಕ ಹೋಗಿ ಬನ್ನಿ.

ರಿಮ್ಮಿನ ಒಳಗಿನ ಅಗಲಾನೂ ನೋಡ್ಬೇಕು, ಎಷ್ಟೋ ಸಲ ರಿಮ್ ಮೇಲೇ ಸ್ಟಿಕರಲ್ಲಿ ಬರೆದಿರತ್ತೆ. 622x19 ಅಂದ್ರೆ ಒಳ ಅಗಲ 19 ಎಂಎಂ. ಹಳೇ ಹೈಬ್ರಿಡ್‌ಗಳಲ್ಲಿ 17-19 ಇರತ್ತೆ, ಈಗಿನ ಗ್ರಾವೆಲ್ ರಿಮ್‌ಗಳಲ್ಲಿ 21ರಿಂದ 25. ರಿಮ್ ಅಗಲ ಆದ್ರೆ ಅದೇ ಟೈರು ಇನ್ನೂ ಅಗಲ ಕೂರತ್ತೆ, 40 ಅಂತ ಬರೆದಿರೋದು ಅಳೆದ್ರೆ 42 ಬರ್ಬೋದು, ಈ ಎರಡು ಎಂಎಂನೇ ಚೈನ್‌ಸ್ಟೇಗೆ ಉಜ್ಜೋದು. ಹುಕ್‌ಲೆಸ್ ರಿಮ್ (ಟೈರ್ ಅಂಚನ್ನ ಹಿಡಿಯೋ ಕೊಕ್ಕೆ ಇಲ್ಲದ್ದು) ಇದ್ರೆ ಇನ್ನೊಂದು ಮಾತು, ಅದಕ್ಕೆ 72.5 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಅಂದ್ರೆ 5 ಬಾರ್‌ಗಿಂತ ಜಾಸ್ತಿ ಗಾಳಿ ಹೊಡೆಯೋ ಹಂಗಿಲ್ಲ, ಟೈರ್ ಕಂಪನಿಯವ್ರೂ ಹುಕ್‌ಲೆಸ್‌ಗೆ ಓಕೆ ಅಂದಿರ್ಬೇಕು.

ಸೈಡಲ್ಲಿ ಬರೆದಿರೋ ನಂಬರು

ಟೈರ್ ಸೈಜಿನ ವಿಷ್ಯದಲ್ಲಿ ಇಂಚನ್ನ ನಂಬ್ಬೇಡಿ. ನಂಬ್ಬೇಕಾಗಿರೋದು 40-622 ಅನ್ನೋ ಥರ ಡ್ಯಾಶ್ ಇರೋ ನಂಬರು. ಮೊದಲ್ನೇದು ಅಗಲ, ಎರಡನೇದು ರಿಮ್ ಮೇಲೆ ಟೈರ್ ಕೂರೋ ಜಾಗದ ವ್ಯಾಸ, ಎರಡೂ ಎಂಎಂನಲ್ಲಿ. 622 ಅಂದ್ರೆ 700ಸಿ (ರೋಡ್ ಬೈಕ್, ಹೈಬ್ರಿಡ್‌ಗಳ ಮಾಮೂಲಿ ಸೈಜು), 29 ಇಂಚಿನ ಎಂಟಿಬಿಯೂ ಅದೇ 622. 584 ಅಂದ್ರೆ 650ಬಿ ಅಥವಾ 27.5. 559 ಅಂದ್ರೆ ಹಳೇ 26 ಇಂಚಿನ ಎಂಟಿಬಿ.

ಅಂಗಡಿಯಲ್ಲಿ ಮೋಸ ಹೋಗೋ ಜಾಗ ಒಂದಿದೆ. ಅಂಗಡಿಯವ್ರು ಬೇಕಂತ ಮಾಡಲ್ಲ, ಅವ್ರಿಗೂ ಗೊಂದಲಾನೇ. ಹಾಲಿನ ಕ್ಯಾನ್ ಕಟ್ಕೊಂಡು ಬರ್ತಿದ್ರಲ್ಲ, ಆ ಕರೀ ದೊಡ್ಡ ಸೈಕಲ್ಲಿನ ಟೈರು 28 x 1½, ಡ್ಯಾಶ್ ನಂಬರಲ್ಲಿ 40-635. ಕೆಲವು 700ಸಿ ಟೈರ್ ಮೇಲೂ 28 x 1.50 ಅಂತ ಬರೆದಿರತ್ತೆ, ಅದು 622. ನೋಡೋಕೆ ಎರಡೂ ಒಂದೇ ಅನ್ಸತ್ತೆ, ಆದ್ರೆ 635ರ ಟೈರ್ ತಂದು 700ಸಿ ರಿಮ್ಮಿಗೆ ಹಾಕಿದ್ರೆ ಲೂಸ್ ಲೂಸಾಗಿ ಕೂತು ಗಾಳಿ ಹೊಡೆದ ತಕ್ಷಣ ರಿಮ್ ಬಿಟ್ಟು ಹೊರಗೆ ಬರತ್ತೆ. ಇನ್ನೊಂದು ನೋಡಿ, ನಮ್ಮ ತಾತಂದಿರು ಸುಮಾರು 40 ಎಂಎಂ ಟೈರಲ್ಲೇ ಊರೂರು ಮಣ್ಣುರೋಡಲ್ಲಿ ಓಡಾಡಿದ್ದು. ನಡುವೆ ಬಂದ 23 ಎಂಎಂ ಹುಚ್ಚು ನಮ್ಮದು.

26 ಇಂಚಿನ ಹಳೇ ಎಂಟಿಬಿ ಇರೋರಿಗೆ ನಾನು ಹೇಳೋದು ಒಂದೇ, ಅದನ್ನ ಓಎಲ್‌ಎಕ್ಸ್‌ಗೆ ಹಾಕೋಕೆ ಮುಂಚೆ ದಪ್ಪ ಬಟನ್ ಟೈರ್ ಕಿತ್ತು 26 x 1.75 ಅಥವಾ 2.0ರ ನುಣುಪು ನಡುಭಾಗದ ಟೈರ್ ಹಾಕಿ ಒಂದು ರೌಂಡ್ ಹೊಡೀರಿ. 1.75 ಅಂದ್ರೆ ಹೆಚ್ಚು ಕಮ್ಮಿ 45 ಎಂಎಂ, ಅಂದ್ರೆ ಜನ ದುಡ್ಡು ಕೊಟ್ಟು ಗ್ರಾವೆಲ್ ಬೈಕಲ್ಲಿ ಹುಡುಕ್ತಿರೋ ಅಗಲ ನಿಮ್ಮತ್ರ ಆಗ್ಲೇ ಇದೆ.

ಡಿಸ್ಕ್ ಬ್ರೇಕ್ ಇರೋರಿಗೆ ಇನ್ನೊಂದು ದಾರಿ ಉಂಟು, 700ಸಿ ಚಕ್ರ ತೆಗೆದು 650ಬಿ ಚಕ್ರ ಹಾಕಿ 47 ಎಂಎಂ ಟೈರ್ ಹಾಕೋದು. 584ಕ್ಕೆ ಎರಡೂ ಕಡೆ 47 ಕೂಡಿಸಿದ್ರೆ 678, 622ಕ್ಕೆ ಎರಡು 28 ಕೂಡಿಸಿದ್ರೂ 678, ಚಕ್ರದ ಎತ್ತರ ಒಂದೇ ಆಗೋದ್ರಿಂದ ಹ್ಯಾಂಡ್ಲಿಂಗ್ ಕೆಡಲ್ಲ. ಆದ್ರೆ ಇನ್ನೊಂದು ಜೊತೆ ಚಕ್ರಕ್ಕೆ ದುಡ್ಡು ಬೇಕು, ಪಕ್ಕದಲ್ಲಿ ಜಾಗಾನೂ ಬೇಕು. ಎಲ್ರಿಗೂ ಅಲ್ಲ.

ಅಗಲ ಜಾಸ್ತಿ ಆದ್ರೆ ಸ್ಲೋ ಆಗತ್ತಾ?

ಎಲ್ರೂ ಕೇಳೋ ಪ್ರಶ್ನೆ. ನುಣುಪಾದ ಟ್ರ್ಯಾಕಲ್ಲಿ ಗಾಳಿ ಸೀಳ್ಕೊಂಡು ಹೋಗೋರಿಗೆ ಬಿಡಿ, ನಮ್ಮ ರೋಡಲ್ಲಿ ಆ ಲೆಕ್ಕ ನಡಿಯಲ್ಲ. ಸಣ್ಣ ಟೈರಿಗೆ ಗಟ್ಟಿಯಾಗಿ ಗಾಳಿ ಹೊಡೆದಾಗ ಪ್ರತಿ ಸಣ್ಣ ಕಲ್ಲಿಗೂ ಸೈಕಲ್ಲೂ ನೀವೂ ಒಟ್ಟಿಗೆ ಮೇಲಕ್ಕೆ ಎಗರ್ತೀರ, ಆ ಎಗರೋದಕ್ಕೆ ಹೋಗೋ ಶಕ್ತಿ ನಿಮ್ಮ ಕಾಲಿಂದಾನೇ ಬರ್ಬೇಕು. ಅಗಲ ಟೈರು ಕಲ್ಲನ್ನ ತನ್ನೊಳಗೆ ನುಂಗ್ಕೊಂಡು ಮುಂದಕ್ಕೆ ಹೋಗತ್ತೆ. ಪ್ರೊಫೆಷನಲ್ ರೇಸರ್‌ಗಳೇ 23ರಿಂದ 28-30ಕ್ಕೆ ಬಂದ್ರು, ಕಲ್ಲು ಹಾಸಿದ ಪ್ಯಾರಿಸ್-ರೂಬೆ ರೇಸಲ್ಲಿ 30ಕ್ಕಿಂತ ಮೇಲೇನೇ ಹಾಕ್ತಾರೆ. ಡಾಂಬರ್ ಮೇಲೆ ಸ್ಲೋ ಅನ್ಸೋಕೆ ಮುಖ್ಯ ಕಾರಣ ಅಗಲ ಅಲ್ಲ, ಬಟನ್ನು ಮತ್ತೆ ದಪ್ಪ ಕೇಸಿಂಗು.

ಹಂಗಂತ ಎಲ್ರೂ 50 ಹಾಕಿ ಅಂತಲ್ಲ, ಭಾರ ಜಾಸ್ತಿ ಆಗತ್ತೆ, ಏರಲ್ಲಿ, ಸಿಗ್ನಲ್ ಬಿಟ್ಟಾಗ ಗೊತ್ತಾಗತ್ತೆ. ಹತ್ತರಲ್ಲಿ ಒಂಬತ್ತು ಭಾಗ ಡಾಂಬರು, ನಂದಿ ಬೆಟ್ಟ, 200 ಕಿಲೋಮೀಟರ್ ಬ್ರೆವೆ (ಗೊತ್ತಾದ ಟೈಮೊಳಗೆ ಮುಗಿಸೋ ದೂರದ ರೈಡು) ಅಂತ ಓಡಿಸೋರಿಗೆ 32 ಸಾಕು, ಆ ಬ್ರೆವೆಗೆ ಹದಿಮೂರೂವರೆ ಗಂಟೆ ಟೈಮ್ ಇರತ್ತೆ, ಗಡಿಬಿಡಿ ಏನಿಲ್ಲ. ಅರ್ಧ ಅರ್ಧ ಅನ್ನೋರಿಗೆ 38-42. ಒಂದೇ ಒಂದು ಸೈಜ್ ಹೇಳಿ ಅಂದ್ರೆ, ಫ್ರೇಮ್ ಒಪ್ಪಿದ್ರೆ, ಕಣ್ಮುಚ್ಕೊಂಡು 40.

ಬಟ್ಟೆ ಮತ್ತೆ ಬಟನ್ನು

ಟೈರಿನ ಒಳಗೆ ನೂಲಿನ ಬಟ್ಟೆ ಇರತ್ತೆ, ಒಂದು ಇಂಚಿಗೆ ಎಷ್ಟು ನೂಲು ಅನ್ನೋದೇ ಟಿಪಿಐ. 60 ಟಿಪಿಐ ಅಂದ್ರೆ ದಪ್ಪ ನೂಲು, ಗಟ್ಟಿ, ಭಾರ. 120 ಅಂದ್ರೆ ಸಣ್ಣ ನೂಲು, ಮೆತ್ತಗೆ ಬಾಗತ್ತೆ, ಓಡಿಸೋಕೆ ಸುಖ, ಆದ್ರೆ ಪಕ್ಕ ಬೇಗ ಹರಿಯತ್ತೆ. ಅಮೆರಿಕದ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ ಅನ್‌ಬೌಂಡ್ ಅಂತ 200 ಮೈಲಿ ಗ್ರಾವೆಲ್ ರೇಸ್ ನಡೆಯತ್ತೆ, ಅಲ್ಲಿನ ಫ್ಲಿಂಟ್ ಕಲ್ಲು ಚಾಕು ಇದ್ದಂಗೆ, ಟೈರ್ ಪಕ್ಕ ಸೀಳಿ ರೇಸ್ ಬಿಟ್ಟವ್ರು ಎಷ್ಟೋ ಜನ. ನಮ್ಮ ಹೊಸ ಕ್ರಷರ್ ಜಲ್ಲಿನೂ ಅದೇ ಜಾತಿ. ಅದಕ್ಕೆ ಜಲ್ಲಿ ಜಾಸ್ತಿ ಇರೋರು ಪಕ್ಕದ ಗೋಡೆಗೂ ಪ್ರೊಟೆಕ್ಷನ್ ಇರೋ ಮಾಡೆಲ್ ನೋಡಿ. ಒಂದೇ ಹೆಸರಿನ ಟೈರು ಎರಡು ಮೂರು ಕೇಸಿಂಗಲ್ಲಿ ಬರತ್ತೆ, ಪನರೇಸರ್ ಗ್ರಾವೆಲ್‌ಕಿಂಗ್, ಷ್ವಾಲ್ಬೆ ಜಿ-ಒನ್, ಮ್ಯಾಕ್ಸಿಸ್ ರ‍್ಯಾಂಬ್ಲರ್ ಎಲ್ಲಾ ಹಂಗೇ, ಆನ್‌ಲೈನಲ್ಲಿ ಕಮ್ಮಿ ರೇಟಿಗೆ ಸಿಕ್ತು ಅಂತ ಒತ್ತೋಕೆ ಮುಂಚೆ ಪೂರ್ತಿ ಹೆಸರು ಓದಿ.

ಮುಳ್ಳಿನ ಕಥೆ ಬೇರೆ. ಬಳ್ಳಾರಿ ಜಾಲಿ ಮುಳ್ಳು ಉದ್ದ, ಗಟ್ಟಿ, ಬೇಲಿ ಕಡಿದು ದಾರಿಗೆ ಹಾಕಿರ್ತಾರೆ. ನೆಗ್ಗಿಲು ಮುಳ್ಳು ಚಿಕ್ಕದು, ಆದ್ರೆ ಹೆಂಗೆ ಬಿದ್ರೂ ಒಂದು ಮೊನೆ ಮೇಲಕ್ಕೇ ಇರತ್ತೆ. ಹೈವೇ ಪಕ್ಕದಲ್ಲಿ ಹೋಗೋರಿಗೆ ಮೂರನೇ ಶತ್ರು ಒಂದಿದೆ, ಸಿಡಿದ ಲಾರಿ ಟೈರಿಂದ ಉದುರಿದ ಕೂದಲೆಳೆ ಥರದ ಕಬ್ಬಿಣದ ತಂತಿ, ಅದು ಟೈರೊಳಗೆ ಸೇರ್ಕೊಂಡ್ರೆ ಕಣ್ಣಿಗೇ ಕಾಣಲ್ಲ, ಟ್ಯೂಬ್ ಬದಲಾಯಿಸಿದ ಹತ್ತು ನಿಮಿಷಕ್ಕೆ ಮತ್ತೆ ಪಂಚರ್. ಪಂಚರ್ ಆದಾಗೆಲ್ಲ ಟೈರ್ ಒಳಭಾಗದಲ್ಲಿ ಒಂದು ತುಂಡು ಹತ್ತಿ ಅಥವಾ ಹಳೇ ಬನಿಯನ್ ಬಟ್ಟೆ ಸವರಿ, ತಂತಿ ಇದ್ರೆ ಎಳೆ ಸಿಕ್ಕಾಕ್ಕೊಳ್ಳತ್ತೆ. ಬೆರಳು ಹಾಕಿದ್ರೆ ರಕ್ತ ಬರತ್ತೆ.

ಬಟನ್ ವಿಷ್ಯ ಬೇಗ ಮುಗಿಸ್ತೀನಿ. ಡಾಂಬರಿಗೆ ನುಣುಪು ಟೈರೇ ಗ್ರಿಪ್ಪು, ಮಳೆಯಲ್ಲೂ ಅಷ್ಟೇ, ಕಾರ್ ಥರ ನೀರಿನ ಮೇಲೆ ತೇಲೋ ಸ್ಪೀಡು ಸೈಕಲ್ಲಿಗಿಲ್ಲ. ಗಟ್ಟಿ ಮಣ್ಣಿಗೆ ಸಣ್ಣ ಸಣ್ಣ ಗೀರಿರೋದು ಸಾಕು. ಗಟ್ಟಿ ನೆಲದ ಮೇಲೆ ಬಿಡಿ ಧೂಳು, ಸಣ್ಣ ಕಲ್ಲು ಇರೋ ಕಡೆ, ಅಂದ್ರೆ ನಮ್ಮ ಬಯಲುಸೀಮೆ ಪೂರ್ತಿ, ನಡುವೆ ನುಣುಪು, ಅಂಚಲ್ಲಿ ಬಟನ್ನು ಇರೋದು ಒಳ್ಳೇದು, ನೆಟ್ಟಗೆ ಹೋಗೋವಾಗ ಸದ್ದಿಲ್ಲ, ತಿರುವಲ್ಲಿ ವಾಲಿದಾಗ ಬಟನ್ ಕಚ್ಚತ್ತೆ. ದೊಡ್ಡ ಬಟನ್ನು ಕೆಸರಿಗೆ ಮಾತ್ರ, ಅದೂ ದೂರ ದೂರ ಇರ್ಬೇಕು, ಹತ್ತಿರ ಹತ್ತಿರ ಇದ್ರೆ ನಡುವೆ ಮಣ್ಣು ತುಂಬಿ ಅದೂ ನುಣುಪು ಟೈರೇ ಆಗೋಗತ್ತೆ. ಮುಂದೆ ಹಿಂದೆ ಒಂದೇ ಇರ್ಬೇಕು ಅಂತೇನಿಲ್ಲ, ಮುಂದೆ ಸ್ವಲ್ಪ ಅಗಲ, ಸ್ವಲ್ಪ ಬಟನ್ನು, ಹಿಂದೆ ನುಣುಪು. ಹಿಂದಿನ ಚಕ್ರ ಜಾರಿದ್ರೆ ಸುಧಾರಿಸ್ಕೋಬೋದು, ಮುಂದಿಂದು ಜಾರಿದ್ರೆ ನೆಲಾನೇ.

ಟ್ಯೂಬಾ, ಟ್ಯೂಬ್‌ಲೆಸ್ಸಾ

ಮುಳ್ಳಿನ ಊರಿಗೆ ಟ್ಯೂಬ್‌ಲೆಸ್ ವರ, ಇದರಲ್ಲಿ ಎರಡು ಮಾತಿಲ್ಲ. ಸಣ್ಣ ಮುಳ್ಳಿನ ತೂತನ್ನ ಒಳಗಿರೋ ಸೀಲೆಂಟ್ (ತೂತು ಮುಚ್ಚೋ ದ್ರವ) ತಾನೇ ಮುಚ್ಕೊಳ್ಳತ್ತೆ, ಗಾಳಿ ಕಮ್ಮಿ ಇಟ್ಟು ಓಡಿಸ್ಬೋದು, ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ತೂತಾಗೋ ಸ್ನೇಕ್‌ಬೈಟ್ ಪಂಚರ್ ಅಂತೂ ಇಲ್ಲವೇ ಇಲ್ಲ. ಆದ್ರೆ ರಿಮ್ಮೂ ಟೈರೂ ಎರಡರ ಮೇಲೂ ಟ್ಯೂಬ್‌ಲೆಸ್ ರೆಡಿ ಅಂತ ಇರ್ಬೇಕು. ಮಾಮೂಲಿ ಟೈರನ್ನ ಹೆಂಗೋ ಟೇಪ್ ಸುತ್ತಿ ಟ್ಯೂಬ್‌ಲೆಸ್ ಮಾಡ್ತೀನಿ ಅನ್ನೋ ಜುಗಾಡ್ ಘಾಟಲ್ಲಿ ಇಳಿಯೋವಾಗ ಕೈ ಕೊಡತ್ತೆ.

40 ಎಂಎಂ ಟೈರಿಗೆ ಒಂದಕ್ಕೆ ಸುಮಾರು 60 ಎಂಎಲ್ ಸೀಲೆಂಟ್. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗಿ ಹಾಲಿನ ಕೆನೆ ಕಟ್ಟಿದಂಗೆ ಒಳಗೆ ಅಂಟಿರತ್ತೆ, ಆಗಾಗ ವಾಲ್ವ್ ಕೋರ್ ತೆಗೆದು ಕಡ್ಡಿ ಇಳಿಸಿ ನೋಡಿ ಟಾಪ್‌ಅಪ್ ಮಾಡ್ಬೇಕು. ಹಾಕಿದೆ ಅಂತ ಮರೆತ್ರೆ ಟ್ಯೂಬ್‌ಲೆಸ್ಸೂ ಒಂದೇ, ಇಲ್ಲದ್ದೂ ಒಂದೇ. ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಡ್ಜ್ ಹೊಡೆದ್ರೆ ಕೆಲವು ಲೇಟೆಕ್ಸ್ ಸೀಲೆಂಟ್ ಒಳಗೇ ಗಟ್ಟಿಯಾಗೋಗತ್ತೆ, ಅದಕ್ಕೆ ಸಣ್ಣ ಹ್ಯಾಂಡ್ ಪಂಪೇ ವಾಸಿ. ಜೊತೆಗೆ ಒಂದು ಟ್ಯೂಬ್ ಇಟ್ಕೊಂಡೇ ಹೋಗಿ, ದೊಡ್ಡ ಸೀಳಿಗೆ ಯಾವ ಸೀಲೆಂಟೂ ಕೆಲಸ ಮಾಡಲ್ಲ. ಟ್ಯೂಬ್ ಹಾಕೋವಾಗ ಸೀಳಿನ ಒಳಗಡೆ ಖಾಲಿ ಟೂತ್‌ಪೇಸ್ಟ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಇಡಿ, ಮನೆ ತನಕ ಬರತ್ತೆ.

ವಾರಕ್ಕೊಂದ್ಸಲ ಓಡಿಸೋರು, ಈ ತಲೆನೋವು ಬೇಡ ಅನ್ನೋರು ಟ್ಯೂಬಲ್ಲೇ ಇರಿ, ತಪ್ಪೇನಿಲ್ಲ. ಟ್ಯೂಬ್ ಸೈಜು ಮಾತ್ರ ಟೈರಿಗೆ ತಕ್ಕದ್ದಿರ್ಲಿ, 40ರ ಟೈರಿಗೆ 28ರ ಟ್ಯೂಬ್ ಹಾಕಿದ್ರೆ ಬಲೂನ್ ಥರ ಹಿಗ್ಗಿ ತೆಳ್ಳಗಾಗಿ ಸಣ್ಣ ಮುಳ್ಳಿಗೂ ಹೋಗತ್ತೆ. ಪ್ರೆಸ್ಟಾ ವಾಲ್ವ್ (ತೆಳ್ಳಗೆ, ತುದೀಲಿ ಸಣ್ಣ ತಿರುಪು ಇರೋದು) ಇದ್ರೆ ಪಂಚರ್ ಅಂಗಡಿಯ ಕಂಪ್ರೆಸರ್ ನಾಝಲ್ ಕೂರಲ್ಲ, ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಸಿಗತ್ತೆ, ಒಂದು ತಗೊಂಡು ವಾಲ್ವಿಗೇ ಹಾಕಿಟ್ಬಿಡಿ. ಕಂಪ್ರೆಸರಲ್ಲಿ ಹೊಡೆಸೋವಾಗ ಪಕ್ಕದಲ್ಲೇ ನಿಂತು ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪಾನೇ ಹಾಕ್ಸಿ, "ಅಣ್ಣಾ ಸಾಕು ಸಾಕು" ಅನ್ನೋಷ್ಟರಲ್ಲಿ ಟೈರ್ ಕಲ್ಲಾಗಿರತ್ತೆ.

ಗಾಳಿ

ಟೈರ್ ಪಕ್ಕ ಬರೆದಿರೋ ಗರಿಷ್ಠ ಪಿಎಸ್‌ಐ ಅಂದ್ರೆ ಅದಕ್ಕಿಂತ ಮೇಲೆ ಹೋಗ್ಬೇಡಿ ಅಂತ, ಅಷ್ಟು ಹೊಡೀರಿ ಅಂತಲ್ಲ. ಬೆರಳಲ್ಲಿ ಅದುಮಿ ನೋಡೋದು ಅಗಲ ಟೈರಿಗೆ ಉಪಯೋಗಕ್ಕೆ ಬರಲ್ಲ, ಮೀಟರ್ ಇರೋ ಫ್ಲೋರ್ ಪಂಪ್ ಒಂದು ಮನೇಲಿರ್ಲಿ, ಯಾವಾಗ್ಲೂ ಅದನ್ನೇ ಬಳಸಿ, ಮೀಟರ್ ಸ್ವಲ್ಪ ಸುಳ್ಳು ಹೇಳಿದ್ರೂ ಪ್ರತಿ ಸಲ ಒಂದೇ ಸುಳ್ಳು ಹೇಳತ್ತೆ.

70 ಕೆಜಿ ಆಸಾಮಿ ಅಂದ್ಕೊಳ್ಳೋಣ. 32 ಎಂಎಂಗೆ ಟ್ಯೂಬ್ ಜೊತೆ ಹಿಂದೆ 60, ಮುಂದೆ 55ರಿಂದ ಶುರು ಮಾಡಿ. 40 ಎಂಎಂಗೆ ಟ್ಯೂಬ್ ಇದ್ರೆ ಹಿಂದೆ 42, ಮುಂದೆ 38, ಟ್ಯೂಬ್‌ಲೆಸ್ಸಾದ್ರೆ 36, 33. 45-47ಕ್ಕೆ ಟ್ಯೂಬ್‌ಲೆಸ್ 30ರ ಆಸುಪಾಸು. ತೂಕ 10 ಕೆಜಿ ಜಾಸ್ತಿ ಇದ್ರೆ ಎರಡು ಮೂರು ಪಿಎಸ್‌ಐ ಏರಿಸಿ, ಕಮ್ಮಿ ಇದ್ರೆ ಇಳಿಸಿ, ಹಿಂದೆ ಬ್ಯಾಗ್ ಕಟ್ಟಿದ್ರೆ ಅದನ್ನೂ ತೂಕಕ್ಕೆ ಸೇರಿಸಿ. ಇದು ಶುರು ಅಷ್ಟೇ.

ಆಮೇಲೆ ನಿಮ್ಮ ಮಾಮೂಲಿ ಜಲ್ಲಿ ಪಟ್ಟಿ ಒಂದನ್ನ ಆರಿಸ್ಕೊಳ್ಳಿ, ಒಂದು ಕಿಲೋಮೀಟರ್ ಇದ್ರೂ ಸಾಕು, ಒಂದೊಂದು ರೌಂಡಿಗೂ ಎರಡೆರಡು ಪಿಎಸ್‌ಐ ಇಳಿಸ್ತಾ ಹೋಗಿ. ಮೊದ್ಲು ಕೈ ಜುಮ್ ಅನ್ನೋದು ನಿಲ್ಲತ್ತೆ, ಆಮೇಲೆ ಹ್ಯಾಂಡಲ್ ತಾನಾಗೇ ನೆಟ್ಟಗೆ ಹೋಗೋಕೆ ಶುರುವಾಗತ್ತೆ, ಇನ್ನೂ ಇಳಿಸಿದ್ರೆ ತಿರುವಲ್ಲಿ ಟೈರ್ ಪಕ್ಕಕ್ಕೆ ಮಡಚಿದಂಗೆ ಅನ್ಸತ್ತೆ ಅಥವಾ ಕಲ್ಲಿಗೆ ರಿಮ್ ಟಣ್ ಅಂತ ಬಡಿಯತ್ತೆ. ಟಣ್ ಅಂದ ಕಡೆಯಿಂದ ಮೂರು ಪಿಎಸ್‌ಐ ಮೇಲೆ, ಅದೇ ನಿಮ್ಮ ನಂಬರು, ಫೋನಲ್ಲಿ ಬರೆದಿಟ್ಕೊಳ್ಳಿ. ಮಳೆಗಾಲದಲ್ಲಿ ಇದಕ್ಕಿಂತ ಒಂದೆರಡು ಕಮ್ಮಿ. ಬರೀ ಡಾಂಬರ್ ದಿನ ನಾಲ್ಕೈದು ಜಾಸ್ತಿ.

ತಂದ್ಮೇಲೆ ಹಾಕೋದು

ಒಳ್ಳೇ ಫೋಲ್ಡಿಂಗ್ (ಅಂಚಲ್ಲಿ ಕಬ್ಬಿಣದ ವೈರಿಲ್ಲದೆ ಮಡಚೋಕೆ ಬರೋ) ಟೈರಿಗೆ ಒಂದಕ್ಕೆ ಮೂರ್ನಾಲ್ಕು ಸಾವಿರದ ಮೇಲೇ ಆಗತ್ತೆ, ಕಬ್ಬಿಣದ ವೈರಿರೋದು ಅದಕ್ಕಿಂತ ಎಷ್ಟೋ ಅಗ್ಗ, ಭಾರ ಅಷ್ಟೇ. ಬಜೆಟ್ ಕಮ್ಮಿ ಇದ್ರೆ ಒಳ್ಳೇದನ್ನ ಮುಂದೆ ಹಾಕಿ, ಹಿಂದೆ ಅಗ್ಗದ್ದು. ಅಂಗಡಿಯಲ್ಲಿ ಟೈರ್ ಕೈಗೆ ತಗೊಂಡು ಪಕ್ಕದ ಗೋಡೆನ ಬಗ್ಗಿಸಿ ನೋಡಿ, ಕೂದಲೆಳೆ ಬಿರುಕಿದ್ರೆ ವರ್ಷಗಟ್ಟಲೆ ಶೋಕೇಸ್ ಬಿಸಿಲಲ್ಲಿ ಒಣಗಿರೋ ಮಾಲು, ಬೇಡ.

ಹಾಕೋವಾಗ ಸುತ್ತೋ ದಿಕ್ಕಿನ ಬಾಣದ ಗುರುತು ನೋಡಿ, ಅಂಚಿಗೆ ಸೋಪ್ ನೀರು ಹಚ್ಚಿ, ವಾಲ್ವ್ ಎದುರುಗಡೆಯಿಂದ ಶುರು ಮಾಡಿ ವಾಲ್ವ್ ಹತ್ರ ಮುಗಿಸಿ. ಕೊನೇ ಗೇಣು ಬಿಗಿ ಅನ್ಸಿದ್ರೆ ಸ್ಕ್ರೂಡ್ರೈವರ್ ಹಾಕಿ ಮೀಟ್ಬೇಡಿ, ಎದುರು ಕಡೆಯ ಟೈರ್ ಅಂಚನ್ನ ರಿಮ್ಮಿನ ನಡುವಿನ ತಗ್ಗಿಗೆ ಹಿಸುಕಿ ಇಳಿಸ್ತಾ ಬನ್ನಿ, ಸಡಿಲ ಸಿಗತ್ತೆ. ಗಾಳಿ ಹೊಡೆದ್ಮೇಲೆ ಚಕ್ರ ತಿರುಗಿಸಿ ರಿಮ್ ಪಕ್ಕ ಕಾಣೋ ಸಣ್ಣ ಗೆರೆ ಸುತ್ತಲೂ ಒಂದೇ ಎತ್ತರದಲ್ಲಿದ್ಯಾ ನೋಡಿ, ಒಂದು ಕಡೆ ಮುಳುಗಿದ್ರೆ ಗಾಳಿ ಬಿಟ್ಟು ಮತ್ತೆ ಕೂರಿಸಿ. ಎರಡು ದಿನ ಬಿಟ್ಟು ಅಲೆನ್ ಕೀ ತಗೊಂಡು ಚೈನ್‌ಸ್ಟೇ ಹತ್ರ ಮತ್ತೊಮ್ಮೆ ಅಳೀರಿ, ಹೊಸ ಟೈರ್ ಗಾಳಿ ತುಂಬಿದ ಮೇಲೆ ಸ್ವಲ್ಪ ಹಿಗ್ಗತ್ತೆ.

ಹಿಂದಿನ ಟೈರ್ ಮುಂದಿನದಕ್ಕಿಂತ ಬೇಗ ಸವೆಯತ್ತೆ, ಭಾರಾನೂ ಅಲ್ಲೇ, ತಳ್ಳೋ ಬಲಾನೂ ಅಲ್ಲೇ. ನಡುಭಾಗ ಚಪ್ಪಟೆ ಆಗಿ ಒಳಗಿನ ನೂಲು ಇಣುಕೋಕೆ ಮುಂಚೆ ಬದಲಾಯಿಸಿ. ಸವೆದಿರೋದನ್ನ ಮುಂದಕ್ಕೆ ಹಾಕಿ ಉಳಿತಾಯ ಮಾಡೋದು ಬೇಡ. ಎರಡೂ ಒಂದೇ ಸೈಜಿದ್ರೆ ಮುಂದಿನದನ್ನ ಹಿಂದಕ್ಕೆ ಹಾಕಿ, ಹೊಸದು ಮುಂದೆ.